ಬೆನ್ನು ತಿರುಗಿಸಿ ಕೂತ ನಿರ್ದೇಶಕರು

ಹೊಸಪೇಟೆಯ ಆ ನಾಟಕ ನಿರ್ದೇಶಕರು ತಾಲೀಮಿನಲ್ಲಿ ನಟರಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದರು. "ಕಣ್ಣು ಮೋಸ ಹೋಗತೈತಿ, ಕಿವಿ ಹೋಗಂಗಿಲ್ರಿ" ಎನ್ನುತ್ತಿದ್ದರು. ಸಿನಿಮಾ ಮಾಡುವಾಗಲೂ ಅದೇ ರೂಢಿ.

ಕಂಪ್ಲಿಯಲ್ಲಿ ಚಿತ್ರೀಕರಣ ನಡೆದಾಗ ವರದಿಗೆಂದು ನಾನೂ ಹೋಗಿದ್ದೆ. ಮಗನನ್ನು ಕಳೆದುಕೊಂಡ ತಾಯಿಯ ಪಾತ್ರಕ್ಕೆ ಅಕ್ಕಿ ಗಿರಣಿಯಲ್ಲಿ ದುಡಿಯುವ ಹೆಂಗಸೊಬ್ಬರು ಬಂದಿದ್ದರು. ಅವರು ಅತ್ತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ದೇಶಕರು ಮಾತ್ರ ಮೆಲ್ಲಗೆ ತಿರುಗಿ, "ಯಾರು ನೆನಪಾದ್ರು, ಯವ್ವಾ?" ಎಂದರು.

"ನನ್ನ ಮಗಾರೀ. ಲಾರಿ ಬಡದು ಹೋದ."

"ಈ ಶಾಟ್ ಅಳಿಸಿಬಿಡ್ರಿ," ನಿರ್ದೇಶಕರು ಕ್ಯಾಮೆರಾದವರಿಗೆ ಹೇಳಿದರು.

"ಸರ, ಪ್ರಶಸ್ತಿ ಬರೋ ಶಾಟ್ ರೀ!" ಕ್ಯಾಮೆರಾದವರು ಗೋಗರೆದರು.

"ಇರಬೌದು. ಆದ್ರ ಆ ಅಳು ಅಕೀದು, ನಮ್ದಲ್ಲ."

ಆಕೆ ಕಣ್ಣೊರೆಸಿಕೊಂಡು ಕೇಳಿದರು: "ಮತ್ತ ಅಳಬೇಕೇನ್ರಿ?"

"ಬ್ಯಾಡವ್ವಾ. ಸುಮ್ಮನ ಕುಂತು ಅಕ್ಕಿ ಹಸನ ಮಾಡು."

ಸಿನಿಮಾದಲ್ಲಿ ಈಗ ಇರುವುದು ಮೊರದಲ್ಲಿ ಕಲ್ಲು ಆರಿಸುತ್ತಿರುವ ಆಕೆಯ ಕೈಗಳು.