ನಾನು ಹಚ್ಚಿದ ಊದಿನಕಡ್ಡಿ

ಇಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲವೆಂದು ಸವದತ್ತಿಯಿಂದ ಚೀನಾಕ್ಕೆ ಓದಲು ಹೋದವಳು ನಾನು. ಎರಡು ಸಾವಿರದ ದಶಕದ ಮಧ್ಯಭಾಗ. ಹಾಸ್ಟೆಲಿನ ಮಾಂಸದೂಟಕ್ಕೆ ಬೇಸತ್ತು ಎರಡನೆಯ ವರ್ಷ ಒಬ್ಬ ಮುದುಕಿಯ ಮನೆಯಲ್ಲಿ ಬಾಡಿಗೆ ಕೋಣೆ ಹಿಡಿದೆ.

ಮುದುಕಿ ಕ್ರೈಸ್ತಳು. ಅಲ್ಲಿ ಸರಕಾರ ಒಪ್ಪಿದ ಚರ್ಚುಗಳು ಬೇರೆ, ಒಪ್ಪಿಗೆಯಿಲ್ಲದ ಇವರ ಸಭೆ ಬೇರೆ. ಭಾನುವಾರ ಅವಳ ಪುಟ್ಟ ಮನೆಯಲ್ಲಿ ಹದಿನೈದಿಪ್ಪತ್ತು ಜನ ಸೇರಿ, ಕಿಟಕಿ ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಹಾಡುತ್ತಿದ್ದರು. ಹಾಡು ಎತ್ತಿಕೊಡುವವಳು ಮುದುಕಿಯೇ. ವಾರವೆಲ್ಲ ಸೊಂಟ ಹಿಡಿದುಕೊಂಡು ನರಳುವವಳು ಆ ದಿನ ಮಾತ್ರ ನೆಟ್ಟಗೆ ನಿಲ್ಲುತ್ತಿದ್ದಳು. ಆಮೇಲೆ ಎಲ್ಲರಿಗೂ ಬಿಸಿ ಶಾವಿಗೆ. ನನಗೆ ಮಾಂಸ ಹಾಕದ ಬಟ್ಟಲು ಬೇರೆ.

ಸತ್ತವರ ಫೋಟೊದ ಮುಂದೆ ಊದಿನಕಡ್ಡಿ ಹಚ್ಚಿ ಬಾಗುವುದು ಅಲ್ಲಿನ ಮನೆಮನೆಯ ಪದ್ಧತಿ. ಅವಳ ಸಭೆಯವರಿಗೆ ಅದು ಪಾಪ. ಗಂಡ ಸತ್ತಾಗ ಅವಳು ಒಲ್ಲೆನೆಂದಳು, ಸಿಟ್ಟಾದ ಮಗ ಮನೆಗೆ ಬರುವುದನ್ನೇ ಬಿಟ್ಟ. ಅವಳಿಗೆ ಉಳಿದದ್ದು ಆ ಭಾನುವಾರದ ಜನ ಮಾತ್ರ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಮುದುಕಿಯ ಗಂಡ ತೀರಿ ವರ್ಷ ತುಂಬುವ ದಿನ ಭಾನುವಾರವೇ ಬಂತು. ಗೋಡೆಯ ಮೇಲಿದ್ದ ಅವನ ಫೋಟೊದ ಮುಂದೆ ಏನೂ ಇಲ್ಲವೆಂದು ಅವ್ವನಿಗೆ ಫೋನಿನಲ್ಲಿ ಹೇಳಿದೆ.

"ವರ್ಷದ ದಿನ ಫೋಟೊದ ಮುಂದ ದೀಪಾ ಇಲ್ಲ, ಧೂಪಾ ಇಲ್ಲ ಅಂದ್ರ ಹೆಂಗವಾ? ಪಾಪ, ಮುದುಕಿಗೆ ಕೈಲಾಗಂಗಿಲ್ಲೇನೋ. ನೀನರ ಒಂದ ಊದಿನಕಡ್ಡಿ ಹಚ್ಚು" ಅಂದಳು. ನಮ್ಮ ಮನೆಯಲ್ಲಿ ಅಜ್ಜನ ಫೋಟೊಕ್ಕೆ ಬೆಳಗದೆ ಯಾರೂ ಚಹಾ ಮುಟ್ಟುತ್ತಿರಲಿಲ್ಲ.

ಮುದುಕಿ ಸೊಪ್ಪು ತರಲು ಹೋದಾಗ, ಊರಿಂದ ತಂದ ಎರಡು ಕಡ್ಡಿ ಹಚ್ಚಿ, ಬಟ್ಟಲಿನ ಅಕ್ಕಿಯಲ್ಲಿ ಸಿಕ್ಕಿಸಿ ಫೋಟೊದ ಮುಂದಿಟ್ಟೆ. ಭಾರೀ ಉಪಕಾರ ಮಾಡಿದವಳಂತೆ ಬೀಗುತ್ತ ಅಡುಗೆಮನೆಗೆ ಹೋದೆ.

ಅವಳೂ ಸಭೆಯ ಹಿರಿಯರೂ ಒಟ್ಟಿಗೇ ಒಳಗೆ ಬಂದರು. ಯಾರು ಹಚ್ಚಿದ್ದು ಎಂದು ಹಿರಿಯರು ಕೇಳಿದರು. ಮುದುಕಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ನೋಡಿ, "ನಾನು" ಎಂದಳು. ಪರದೇಶದವಳಿದ್ದರೆ ಪೊಲೀಸರ ಕಣ್ಣು ಬೀಳುತ್ತದೆ, ಕೋಣೆ ಬಿಡಿಸು ಎಂದು ಅವರು ಮೊದಲೇ ಹೇಳಿದ್ದರಂತೆ. ನಿಜ ಹೇಳಿದ್ದರೆ ಅಂದೇ ನಾನು ಬೀದಿಗೆ ಬೀಳುತ್ತಿದ್ದೆ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಭಾಷೆ ಬರುವುದಿಲ್ಲವೆಂಬ ನೆಪವೂ ನನಗಿರಲಿಲ್ಲ. 'ನಾನು' ಎನ್ನುವ ಚೀನೀ ಪದವನ್ನು ಮೊದಲ ದಿನವೇ ಕಲಿತಿದ್ದೆ.

ಮುಂದಿನ ವಾರದಿಂದ ಪ್ರಾರ್ಥನೆ ಬೇರೆ ಮನೆಗೆ ಹೋಯಿತು, ಹಾಡು ಬೇರೆಯವಳ ಪಾಲಾಯಿತು. ಮುದುಕಿಯನ್ನು ಯಾರೂ ಕರೆಯಲಿಲ್ಲ. ಭಾನುವಾರವೂ ಸೊಂಟ ಹಿಡಿದುಕೊಂಡೇ ಕೂತಿರುತ್ತಿದ್ದಳು.

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಒಂದು ದಿನ ಶಾವಿಗೆ ಬಡಿಸುತ್ತ ಒಂದೇ ಮಾತು ಕೇಳಿದಳು. ಅವಳ ಚೀನೀ ಮಾತು ನನ್ನ ನೆನಪಿನಲ್ಲಿ ನಮ್ಮೂರ ಮಾತಾಗಿಯೇ ಉಳಿದಿದೆ.

"ಅವತ್ತ ಕಡ್ಡಿ ಹಚ್ಚಿದಾಗ ನಮ್ಮ ಯಜಮಾನರಿಗೆ ಏನಂತ ಹೇಳಿದಿ ಯವ್ವಾ? ನನಗಂತೂ ಅಷ್ಟು ಮಾಡಾಕ ಆಗಲಿಲ್ಲ."

'ನಿಮ್ಮ ಹೆಂಡತಿ ನಿಮ್ಮನ್ನು ನೆನೆಸುತ್ತಾಳೆ' ಎಂದು ಅವರಿಗೆ ಹೇಳಿದೆ ಅಂತ ಒಂದು ಸುಳ್ಳು ಹೇಳಬಹುದಿತ್ತು. ನನಗಾಗಿ ಅವಳೂ ಒಂದು ಸುಳ್ಳು ಹೇಳಿರಲಿಲ್ಲವೇ? ನಾನು ಮಾತ್ರ ಅವತ್ತೇ ಸತ್ಯವಂತಳಾದೆ.

"ಏನೂ ಹೇಳಲಿಲ್ರಿ ಅಜ್ಜಿ" ಎಂದೆ. "ರೂಢಿ ಅಷ್ಟ."