‘ಮಾತಿಲ್ಲ’ ಎಂದು ನಾನು ಹಾಕಿದ ಗುರುತು

ನನ್ನ ತರಬೇತಿಯ ಮೊದಲ ತಪ್ಪಿನ ಫಲವನ್ನು ಆರು ತುಂಬದ ಒಂದು ಹುಡುಗಿ ಉಂಡಳು. ಜೊತೆಗೆ ಅವಳ ತಾಯಿ. ನನಗೆ ಏನೂ ಆಗಲಿಲ್ಲ.

ಆಗ ನಾನು ಬಾಲವಾಡಿ ಶಿಕ್ಷಕಿಯಾಗಲು ಓದುತ್ತಿದ್ದೆ. ವಾರಕ್ಕೆ ಮೂರು ದಿನ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಠಾಣೆಗೆ, ಅಲ್ಲಿಂದ ಬಸ್ಸಿನಲ್ಲಿ ಮಾಜಿವಾಡಾಕ್ಕೆ. ಏಳುತ್ತಿದ್ದ ಟವರ್‌ಗಳ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳ ಬಾಲವಾಡಿ ನಡೆಯುತ್ತಿತ್ತು. ಟವರ್ ಕಟ್ಟುವವರ ಮಕ್ಕಳಿಗೆ ಒಂದು ಫ್ಯಾನೂ ಇರಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಆದರೂ ಬೆಳಿಗ್ಗೆ ಆ ಬಾಗಿಲಲ್ಲಿ ನಿಂತು ಮಕ್ಕಳ ಮೂಗು ಒರೆಸಿ ಒಳಗೆ ಕರೆದುಕೊಳ್ಳುವಾಗ, ನನ್ನ ಜಾಗ ಇದೇ ಎನ್ನಿಸುತ್ತಿತ್ತು.

ತರಬೇತಿ ಸಂಸ್ಥೆ ನಮಗೊಂದು ನಮೂನೆ ಕೊಟ್ಟಿತ್ತು. ಪ್ರತಿ ಮಗುವನ್ನೂ ಮರಾಠಿಯಲ್ಲೇ ಪ್ರಶ್ನಿಸಿ ಗುರುತು ಹಾಕಬೇಕು. ಬೇರೆ ಭಾಷೆ ಆಡಿದರೆ ನಮ್ಮ ಅಂಕ ಕಡಿತ. ಆ ಹುಡುಗಿ ನನ್ನ ಒಂದು ಪ್ರಶ್ನೆಗೂ ಬಾಯಿ ಬಿಡಲಿಲ್ಲ. ಅವಳು ಕಲಬುರಗಿಯ ಕಡೆಯವಳೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ತುಳು ಆಡಿದರೂ ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೇಳಬಹುದಿತ್ತು. ಅಂಕಕ್ಕೆ ಹೆದರಿ ಕೇಳಲಿಲ್ಲ. ‘ಮಾತಿಲ್ಲ’ ಎಂಬುದರ ಮುಂದೆ ಗುರುತು ಹಾಕಿದೆ.

ಅವಳನ್ನು ಮೂರು ವರ್ಷದವರ ಚಾಪೆಗೆ ಕಳಿಸಿದರು. ಜೂನ್‌ನಲ್ಲಿ ಒಂದನೇ ತರಗತಿಗೆ ಹೋಗುವವರ ಪಟ್ಟಿಯಿಂದ ಹೆಸರು ಬಿಟ್ಟುಹೋಯಿತು. ತಾಯಿಗೆ, ಮಗಳ ಕಿವಿ ತೋರಿಸಿಕೊಂಡು ಬಾ ಎಂದು ಚೀಟಿ ಹೋಯಿತು. ಆಕೆ ಕೆಲಸ ಬಿಟ್ಟು ಇಡೀ ದಿನ ಆಸ್ಪತ್ರೆಯ ಸಾಲಿನಲ್ಲಿ ನಿಂತು, ಮರುದಿನ ಕಾಗದ ತಂದು ನನ್ನ ಕೈಗಿಟ್ಟಳು.

“ಕಿವಿ ಛಲೋ ಅವಂತ್ರಿ ಅಕ್ಕೋರ. ಮನ್ಯಾಗ ಇಕಿ ಬಾಯಿ ಮುಚ್ಚಂಗಿಲ್ಲ. ನಮ್ಮತ್ತಿಗೇ ಎದುರು ಮಾತಾಡ್ತಾಳ. ಇಲ್ಲಿ ಯಾಕ ಸುಮ್ಮ ಕುಂದರ್ತಾಳೋ, ನಿಮಗೇ ಗೊತ್ತಾಗ್ಬೇಕು.”

ನಾಚಿಕೆಯಾಯಿತು. ಆ ದಿನ ಆಟದ ಜೇಡಿಮಣ್ಣು ತೆಗೆದು ಹುಡುಗಿಯ ಪಕ್ಕ ಕೂತೆ. “ರೊಟ್ಟಿ ಮಾಡುವ, ಬಾ” ಎಂದು ನಮ್ಮ ಕರಾವಳಿಯ ಕನ್ನಡದಲ್ಲಿ ಕರೆದು, ಉಂಡೆಯನ್ನು ನೀರಿನ ಬಾಟಲಿಯಿಂದ ಲಟ್ಟಿಸತೊಡಗಿದೆ. ಜೋಳದ ರೊಟ್ಟಿ ಮಾಡಿ ಗೊತ್ತಿಲ್ಲದ ಕೈ ನನ್ನದು. ಅವಳು ಸ್ವಲ್ಪ ಹೊತ್ತು ಸಹಿಸಿಕೊಂಡಳು.

“ಹಂಗ ಲಟ್ಟಸಬಾರದ್ರಿ. ಬಡೀಬೇಕು.”

“ಹೇಗೆ ಬಡಿಯುವುದು?”

“ಅಯ್ಯ, ನಿಮ್ಮವ್ವ ಕಲಿಸಿಲ್ಲೇನ್ರಿ? ಕೈಗಿ ನೀರ ಹಚ್ಚಿರಿ. ಹಾಂ, ತಿರುಗಿಸ್ರಿ. ಅಂಚು ಹರಿತು ನೋಡ್ರಿ, ಕೊಡ್ರಿ ಇಲ್ಲಿ.”

ತಟ್ಟೆ ಬೋರಲು ಹಾಕಿ ಅದರ ಬೆನ್ನ ಮೇಲೆ ಅವಳು ಬಡಿದ ರೊಟ್ಟಿ ದುಂಡಗೆ ಬಂತು. ಬಡಿಯುತ್ತ ಬಡಿಯುತ್ತ ಊರಿನ ಎಮ್ಮೆ, ಅಜ್ಜಿಯ ಸಿಟ್ಟು, ಲಿಫ್ಟಿನಲ್ಲಿ ಮೇಲೆ ಹೋಗುವ ಅಪ್ಪ, ಎಲ್ಲವನ್ನೂ ಹೇಳಿದಳು.

ನಾನು ಹೊಸ ನಮೂನೆ ತುಂಬಿ ಬಾಲವಾಡಿಯ ಮುಖ್ಯ ಶಿಕ್ಷಕಿಯ ಮುಂದಿಟ್ಟೆ. “ಅರೇ, ಜಾನೇ ದೋ ನಾ,” ಎಂದರು ಆಕೆ; ಪಟ್ಟಿ ಹೋಗಿಯಾಗಿದೆ, ಬಿಟ್ಟುಬಿಡು ಎಂದು. ನಾನು ಬಿಡಲಿಲ್ಲ. ಕೊನೆಗೆ ಆಕೆಯೇ ಬಂದು ಚಾಪೆಯ ಪಕ್ಕ ಕೂತರು. ಆಕೆಗೆ ಕನ್ನಡ ತಿಳಿಯದಿದ್ದರೂ ಹುಡುಗಿ ಅವರ ಕೈಗೂ ಉಂಡೆ ಕೊಟ್ಟು ಬಡಿಯಲು ಹಚ್ಚಿದಳು. ಆಕೆ ನಕ್ಕು, ಕೈ ತೊಳೆದುಕೊಂಡು ಸಹಿ ಹಾಕಿದರು. ಹೆಸರು ಪಟ್ಟಿಗೆ ಸೇರಿತು. ನನಗೆ ಅಂಕ ಕಡಿಮೆ ಬಂತು. ಆ ಸಂಜೆಯ ಲೋಕಲ್‌ನಲ್ಲಿ ನನ್ನಷ್ಟು ನೆಮ್ಮದಿಯಿಂದ ನಿಂತು ಹೋದವರು ಕಡಿಮೆ.

ಆದರೆ ಆ ನಮೂನೆ ಇಂದಿಗೂ ಬದಲಾಗಿಲ್ಲ. ಅದನ್ನು ಅಚ್ಚು ಹಾಕಿಸುವ ತರಬೇತಿ ಸಂಸ್ಥೆಯವರೇ, ಅದರ ಮೊದಲ ಸಾಲಿನಲ್ಲಿ ಮಗುವಿನ ಮನೆಮಾತು ಯಾವುದೆಂದು ಕೇಳಿ. ಆ ಮಾತಿನಲ್ಲಿ ಮಾತಾಡಿಸಿದ ವಿದ್ಯಾರ್ಥಿನಿಯ ಅಂಕ ಕಡಿಯುವ ನಿಯಮವನ್ನು ಬರುವ ಜೂನ್‌ಗೆ ಮುಂಚೆ ಲಿಖಿತವಾಗಿ ರದ್ದುಪಡಿಸಿ.