ಮುಚ್ಚಿದ ಸುರಂಗದ ಕೆಂಪು ಗೆರೆ

ಹಾಲು ಸೋಸುವ ಅರಿವೆ ಮೊನ್ನೆ ನಡುವೆ ಹರಿಯಿತು. ಬಿಸಿನೀರಿಗೆ ಹಾಕಿದರೆ ಈಗಲೂ ಅದರಿಂದ ಮೇಣದಂಥ ಒಂದು ವಾಸನೆ ಏಳುತ್ತದೆ. ಅದು ಅಂಗಡಿಯಲ್ಲಿ ಕೊಂಡದ್ದಲ್ಲ, ಚಿನ್ನದ ಗಣಿಯ ನಕ್ಷೆ ಬರೆಯುತ್ತಿದ್ದ ಬಟ್ಟೆ. ಹಿಂದೆಲ್ಲ ಗಂಜಿ ಹಾಕಿ ಮೇಣ ಸವರಿದ ತೆಳು ಬಟ್ಟೆಯ ಮೇಲೆ ನಕ್ಷೆ ಬರೆಯುತ್ತಿದ್ದರು. ಬೇಡವಾದ ಪ್ರತಿ ಸಿಕ್ಕಿದರೆ ನಂದಿದುರ್ಗ ಲೈನಿನ, ಅಂದರೆ ನಮ್ಮ ಗಣಿಯವರ ಸಾಲುಮನೆಗಳ, ಹೆಂಗಸರು ಅದನ್ನು ಕುದಿಸಿ, ಒಗೆದು, ಕೂಸುಗಳಿಗೆ ಅಂಗಿ ಹೊಲಿಯುತ್ತಿದ್ದರು. ನನ್ನ ಅರಿವೆಯಲ್ಲಿ ಎಷ್ಟು ಕುದಿಸಿದರೂ ಹೋಗದ ಒಂದು ಕೆಂಪು ಗೆರೆ ಉಳಿದಿದೆ. ಕೊಟ್ಟವರು ಪಕ್ಕದ ಮನೆಯ ನಕ್ಷೆಯಣ್ಣ.

ಗಣಿಯಲ್ಲಿ ನಕ್ಷೆ ಬರೆಯುತ್ತಿದ್ದರಿಂದ ಲೈನಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಮನೆಮಾತು ತಮಿಳು. ನನ್ನನ್ನು ತಂಗಚ್ಚಿ, ಅಂದರೆ ತಂಗಿ, ಎನ್ನುತ್ತಿದ್ದರು. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಓಡಾಡಿ, ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ಕಲಿತರು. ಆ ಕೆಲಸವೂ ಮುಗಿದು ಮನೆಯಲ್ಲಿ ಕೂತ ಮೇಲೆ ಲ್ಯಾಪ್‌ಟಾಪ್ ಒಂದೇ ಅವರ ಸಂಗಾತಿ. ತಗಡಿನ ಮಾಡಿನ ಮನೆಯಲ್ಲಿ ಅದು ಕಾದು ಹೆಂಚಾಗುತ್ತಿತ್ತು. ನನ್ನ ಹಳೇ ಅರೆಯುವ ಕಲ್ಲನ್ನು ಕೇಳಿ ತೆಗೆದುಕೊಂಡು ಹೋಗಿ, ತಣ್ಣಗಿರಲೆಂದು ಲ್ಯಾಪ್‌ಟಾಪನ್ನು ಅದರ ಮೇಲಿಟ್ಟುಕೊಂಡು ಕೆಲಸ ಮಾಡುತ್ತಿದ್ದರು.

ದಿನಾ ಬೆಳಿಗ್ಗೆ ಹಾಲು ಕೊಡಲು ಹೋದಾಗ ನೋಡುತ್ತಿದ್ದೆ. ಮೂಗು ಪರದೆಗೆ ತಾಗುವ ಹಾಗೆ ಬಗ್ಗಿ ಕೂತಿರುತ್ತಿದ್ದರು. ಸಕ್ಕರೆ ಕಾಯಿಲೆ ಒಂದು ಕಣ್ಣನ್ನು ಆಗಲೇ ತಿಂದಿತ್ತು, ಇನ್ನೊಂದು ಮಂಜಾಗುತ್ತಿತ್ತು.

"ಯಾರ್ಗೆ ಮಾಡ್ತೀರಣ್ಣಾ ಇದನ್ನ? ಸಂಬಳ ಕೊಡ್ತಾರಾ?"

"ಇಲ್ಲ ತಂಗಚ್ಚಿ."

"ಕಣ್ಣಾದ್ರೂ ಕೊಡ್ತಾರಾ?"

ಅವರು ನಕ್ಕುಬಿಟ್ಟರು. ಆಮೇಲೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಒಂದು ಪ್ರೋಗ್ರಾಂ ಇನ್ನೊಂದರ ಹತ್ತಿರ ಹೋಗಿ ಏನಾದರೂ ಕೇಳಬೇಕಾದರೆ, ಯಾವ ಬಾಗಿಲಲ್ಲಿ ಕೇಳಬೇಕು, ಏನು ಕೊಟ್ಟರೆ ಏನು ಸಿಗುತ್ತದೆ ಎಂದು ಗೊತ್ತಿರಬೇಕಂತೆ. ಆ ವಿವರಕ್ಕೆ ಸ್ಕೀಮಾ ಎಂದು ಹೆಸರು. ಮನುಷ್ಯ ಬರೆದರೆ ಮರೆಯುತ್ತಾನೆ, ತಪ್ಪುತ್ತಾನೆ. ಕೋಡನ್ನು ಓದಿ ತಾನಾಗಿಯೇ ಆ ವಿವರ ಬರೆದುಕೊಡುವ ಒಂದು ಸಲಕರಣೆ ಇದೆ. ಅದು ಯಾರೊಬ್ಬರ ಸೊತ್ತೂ ಅಲ್ಲ, ಎಲ್ಲರಿಗೂ ಬಿಟ್ಟಿ. ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಅದನ್ನು ನೋಡಿಕೊಳ್ಳುವ ನಾಲ್ಕಾರು ಜನ ಒಪ್ಪಿದರೆ ಒಳಗೆ ಸೇರುತ್ತದೆ.

"ತೋಡಿದ್ದನ್ನ ನೋಡಿ ನಕ್ಷೆ ಬರೆಯೋದು ಕಣಮ್ಮಾ. ನಾನು ಮಾಡ್ತಿದ್ದ ಕೆಲ್ಸಾನೇ," ಎಂದರು.

ಅವರಿಗೆ ಅದರಲ್ಲಿ ಒಂದು ಕೊರತೆ ಕಂಡಿತ್ತು. ಹಳೆಯದಾಯಿತು, ಇನ್ನು ಬಳಸಬೇಡಿ ಎಂದು ಗುರುತು ಹಾಕಿದ ಬಾಗಿಲನ್ನು ಆ ಸಲಕರಣೆ ನಕ್ಷೆಯಿಂದ ಅಳಿಸಿಯೇ ಬಿಡುತ್ತಿತ್ತು. ಎಲ್ಲೋ ಕೂತ ಇನ್ನೊಂದು ಪ್ರೋಗ್ರಾಂ ಗೊತ್ತಿಲ್ಲದೆ ಅಲ್ಲೇ ಬಡಿಯುತ್ತಿರುತ್ತದೆ. ಬಡಿಯುವವನಿಗೆ ಯಾಕೆ ತೆರೆಯುತ್ತಿಲ್ಲ ಎಂದು ಹೇಳುವವರಿಲ್ಲ.

"ಗಣೀಲಿ ಮುಚ್ಚಿದ ಸುರಂಗಾನ ಯಾವತ್ತೂ ಅಳಿಸಬಾರ್ದು. ಕೆಂಪು ಗೆರೆ ಹಾಕಿ, ಮುಚ್ಚೈತೆ ಅಂತ ಬರೀಬೇಕು. ಅಳಿಸಿದ್ರೆ ಕೆಳಗಿರೋನು ಬರೀ ಕಲ್ಲು ಅಂದ್ಕೊಂಡು ಒಡೀತಾನೆ. ಅದರೊಳಗೆ ನೀರು ತುಂಬಿರ್ತದೆ."

ನನ್ನ ಗಂಡ ಕೆಳಗಿಳಿಯುತ್ತಿದ್ದವನು. ಆ ಮಾತನ್ನು ನನಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ...

ಇರುವ ಒಂದು ಕಣ್ಣು ಆರುವ ಮೊದಲು ಮುಚ್ಚಿದ ಬಾಗಿಲನ್ನೂ ಗುರುತು ಹಾಕಿ ಉಳಿಸುವ ಈ ತಿದ್ದುಪಡಿಯೊಂದು ಸೇರಿಬಿಡಬೇಕು ಎಂಬುದೇ ಅವರ ಆಸೆ. ಬರೆದು ಕಳಿಸಿದರು. ವಾಪಸು ಬಂತು. ಆ ಸಲಕರಣೆ ನೋಡಿಕೊಳ್ಳುವವರಲ್ಲಿ ಒಬ್ಬ ಹೆಂಗಸು, ಯಾವ ದೇಶದವಳೋ, ಉತ್ತರ ಬರೆದಿದ್ದಳು. ಹೊರಗಿನವರಿಗೆ ಎಂದೂ ತೆರೆಯದ ಒಳಬಾಗಿಲುಗಳನ್ನೂ ನಕ್ಷೆಯಣ್ಣ ನಕ್ಷೆಗೆ ತಂದುಬಿಟ್ಟಿದ್ದರಂತೆ. ಮನೆಯ ಒಳಗುಟ್ಟು ಬೀದಿಗೆ ಬಿದ್ದಂತೆ.

ಅವಳನ್ನು ಬೈಯುತ್ತಾರೆ ಎಂದುಕೊಂಡೆ. ಇಲ್ಲ. "ಸರಿಯಾಗೇ ಹೇಳವ್ಳೆ. ನಂದು ಗಣಿ ಬುದ್ಧಿ. ಅಲ್ಲಿ ಒಂದು ಗುಂಡಿ ತೋಡಿದ್ರೂ ಬರೀಲೇಬೇಕು. ಇಲ್ಲಿ ಅಂಗಲ್ಲ," ಎಂದು ಮತ್ತೆ ಮೊದಲಿಂದ ಕೂತರು.

ಅಷ್ಟರಲ್ಲಿ ಅಕ್ಷರ ಕಾಣುವುದು ನಿಂತೇಹೋಗಿತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಓದಿದ್ದು ಕ್ಯಾಸಂಬಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸು. ಇಂಗ್ಲಿಷ್ ಅಕ್ಷರ ಒಂದೊಂದೇ ಗುರುತು ಸಿಗುತ್ತದೆ, ಕೂಡಿಸಲು ಬಾರದು. ಅವರು ಕೀಲಿ ಒತ್ತುವುದು, ನಾನು ಪರದೆಯ ಮೇಲೆ ಬಿದ್ದದ್ದನ್ನು ಹೇಳುವುದು. ಬ್ರಾಕೆಟ್ಟಿಗೆ ನಮ್ಮಿಬ್ಬರ ಮಾತಿನಲ್ಲಿ ಕೊಕ್ಕೆ ಎಂದು ಹೆಸರು.

"ಅಲ್ಲಿ ಕೊಕ್ಕೆ ಐತಾ ನೋಡು."

"ಯಾವ ಕೊಕ್ಕೆ? ಕುಡುಗೋಲು ಥರದ್ದಾ, ಮೀಸೆ ಥರದ್ದಾ?"

"ಮೀಸೆ."

"ಐತೆ. ಆದ್ರೆ ಮುಚ್ಚೋ ಮೀಸೆ ಇಲ್ಲ."

"ಅದಕ್ಕೇ ಓಡ್ತಿರ್ಲಿಲ್ಲ ಹಾಳಾದ್ದು! ಭಲೇ ತಂಗಚ್ಚಿ."

"ಭಲೇ ಇರ್ಲಿ, ಕರು ಬಿಚ್ಕೊಂಡು ಹಾಲು ಕುಡೀತೈತೆ ಅಲ್ಲಿ. ಬೇಗ ಮುಗ್ಸಿ."

ಬಾಯಲ್ಲಿ ಹಾಗೆಂದರೂ ನಾನು ಏಳುತ್ತಿರಲಿಲ್ಲ. ಅವರನ್ನು ನೋಡುತ್ತಿದ್ದೆ. ಎರಡೂ ಕಣ್ಣು ಮುಚ್ಚಿ, ಒಂದು ಬೆರಳನ್ನು ಗಾಳಿಯಲ್ಲಿ ಆಡಿಸುತ್ತಾ, ಇಲ್ಲಿಂದ ಇಳಿದರೆ ಹೆಸರು ಓದುವ ಜಾಗ, ಎಡಕ್ಕೆ ತಿರುಗಿದರೆ ಗುರುತು ನೋಡುವ ಜಾಗ, ಅಲ್ಲಿ ತಡೆ ಎನ್ನುತ್ತಾ ಅಷ್ಟೂ ಕೋಡಿನೊಳಗೆ ನಡೆದು ಬರುತ್ತಿದ್ದರು. ಗಣಿ ನೀರು ತುಂಬಿ ಎಷ್ಟೋ ಕಾಲವಾಗಿತ್ತು. ಅದರ ಒಂದೊಂದು ಓಣಿಯೂ ಅವರ ತಲೆಯೊಳಗೆ ಒಣಗಿಯೇ ಇತ್ತು. ಅದರ ಪಕ್ಕದಲ್ಲಿ ಇದೊಂದು ಹೊಸ ಗಣಿ. ಸುಲಭಕ್ಕೆ ಕೈ ಮುಗಿಯುವವಳಲ್ಲ ನಾನು. ಆ ಮನುಷ್ಯನಿಗೆ ಮಾತ್ರ ಮನಸ್ಸಿನಲ್ಲೇ ಮುಗಿಯುತ್ತಿದ್ದೆ. ಒಂದು ತಲೆಯಲ್ಲಿ ಅಷ್ಟು ಜಾಗ ಹೇಗೆ ಹಿಡಿಯುತ್ತದೆ ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಎರಡನೇ ಸಲ ಕಳಿಸಿದ ಮೇಲೆ ಕಾಯುವುದೊಂದೇ ಕೆಲಸ. ಪರದೆಯ ಮೇಲೆ ಒಂದು ಬಣ್ಣದ ಗುರುತು ಇರುತ್ತಿತ್ತು. ಹಸಿರಾಗಿದ್ದರೆ ಇನ್ನೂ ನೋಡುತ್ತಿದ್ದಾರೆ, ಕೆಂಪಾದರೆ ಬೇಡವೆಂದರು, ನೇರಳೆಯಾದರೆ ಸೇರಿಸಿಕೊಂಡರು. ನಾನು ಹಾಲಿನ ಚೆಂಬು ಇಡುವ ಮೊದಲೇ ಕೇಳುತ್ತಿದ್ದರು.

"ಬಣ್ಣ ಏನು?"

"ಹಸಿರೇ."

ಸ್ವಲ್ಪ ದಿನಕ್ಕೆ ಹಸಿರೇ ಎನ್ನಲು ನನಗೇ ಬೇಜಾರಾಗಿ, ಬಾಗಿಲಲ್ಲೇ ಚೆಂಬು ಇಟ್ಟು ಓಡಿಬಿಡೋಣ ಅನ್ನಿಸುತ್ತಿತ್ತು. ಅವರ ಉಳಿದ ಒಂದು ಕಣ್ಣು ಆಗ ಬೆಳಕು ಯಾವ ಕಡೆ ಇದೆ ಎಂದಷ್ಟೇ ಹೇಳುತ್ತಿತ್ತು...

ಒಂದು ಬೆಳಿಗ್ಗೆ ನೋಡಿದರೆ ಹಸಿರಿರಲಿಲ್ಲ. ಸೆರಗಿನಲ್ಲಿ ಪರದೆ ಒರೆಸಿ ಮತ್ತೆ ನೋಡಿದೆ.

"ಏನು ತಂಗಚ್ಚಿ, ಕೆಂಪಾ?"

"ನೇರಳೆ ಹಣ್ಣು ತಿಂದ ನಾಲ್ಗೆ ಥರ ಐತಣ್ಣಾ."

ಅವರು ಕೈ ಚಾಚಿ, ತಡವಿ, ಆ ಬಣ್ಣದ ಮೇಲೆ ಬೆರಳಿಟ್ಟರು. ಸರಿಯಾದ ಜಾಗಕ್ಕೇ ಇಟ್ಟರು, ನಾನು ತೋರಿಸಲಿಲ್ಲ. ಆಮೇಲೆ "ಇವತ್ತು ಕಾಫಿಗೆ ಸಕ್ಕರೆ ಹಾಕ್ತೀಯಾ?" ಎಂದರು. ಹಾಕಿಕೊಟ್ಟೆ.

ಅವರು ಹೋಗಿ ವರ್ಷಗಳಾದವು. ಅರೆಯುವ ಕಲ್ಲು ನನ್ನ ಮನೆಗೆ ವಾಪಸು ಬಂದಿದೆ. ಆ ಮನೆಗೆ ಬೀಗ ಬಿದ್ದೇ ಇದೆ. ಕಳೆದ ವಾರ ಕರೆಂಟು ಮೀಟರ್ ನೋಡುವವನು ಬಂದು, ಇದು ಯಾರ ಮನೆ ಎಂದು ಎದುರುಮನೆಗೆ ಹೊಸದಾಗಿ ಬಂದ ಸೊಸೆಯನ್ನು ಕೇಳಿದ. "ಯಾರ್ದೂ ಅಲ್ಲ, ಖಾಲಿ," ಎಂದಳು ಅವಳು. ನಾನು ಹಸುವಿನ ಹತ್ತಿರದಿಂದಲೇ ಕೂಗಿದೆ.

"ಯಾರ್ದೂ ಅಲ್ಲ ಅನ್ಬೇಡ ಕಣೇ. ನಕ್ಷೆಯಣ್ಣನ ಮನೆ. ಮುಚ್ಚೈತೆ ಅನ್ನು."

ಹರಿದ ಅರಿವೆಯಲ್ಲಿ ಇನ್ನು ಹಾಲು ಸೋಸಲು ಬಾರದು. ಒಲೆ ಒರೆಸುವುದಕ್ಕಾಯಿತು ಎಂದು ಎರಡು ತುಂಡು ಮಾಡಿದೆ. ಕೆಂಪು ಗೆರೆ ಇರುವ ತುಂಡನ್ನು ಮಾತ್ರ ಇನ್ನೂ ಒಲೆಯ ಹತ್ತಿರ ತಂದಿಲ್ಲ.